ಹಸಿರು ಗಣಪ, ಕಣ್ಣು ಮುಚ್ಚಿದರೆ ಕೆಂಪು

ಪ್ರಶ್ನೆ: ನಾನು ಮಂಡ್ಯದವಳು. ಮಗ ಜೈಪುರಕ್ಕೆ ಹೋಗಿದ್ದಾಗ ಸುಮಾರು 3 ಇಂಚಿನ ಹಸಿರು ಕಲ್ಲಿನ ಗಣಪತಿ ತಂದುಕೊಟ್ಟ. 4,000 ರೂಪಾಯಿ ಕೊಟ್ಟನಂತೆ. ಅಸಲಿ ಪಚ್ಚೆ ಅಂತ ಅಂಗಡಿಯವರು ಹೇಳಿದ್ದಾರೆ. ಪ್ರತಿ ಹುಣ್ಣಿಮೆಗೆ ಉಪ್ಪುನೀರಿನಲ್ಲಿಟ್ಟು ‘ಚಾರ್ಜ್’ ಮಾಡಬೇಕು ಅಂತಲೂ ಹೇಳಿದರಂತೆ. ದಿನಾ ಬೆಳಿಗ್ಗೆ ದೀಪ ಹಚ್ಚಿ ಆ ಮೂರ್ತಿಯನ್ನೇ ನೋಡುತ್ತಾ ಕೂರುತ್ತೇನೆ. ಕಣ್ಣು ಮುಚ್ಚಿದರೆ ಕೆಂಪು ಗಣಪ ಕಾಣಿಸುತ್ತಾನೆ. ಇದು ದರ್ಶನವೇ? ಮೂರ್ತಿಯ ಹೊಟ್ಟೆಯ ಮೇಲೆ ಒಂದು ಬಿಳಿ ಗೆರೆ ಇದೆ. ಬಿರುಕು ಬಿಟ್ಟ ದೇವರು ಮನೆಯಲ್ಲಿರಬಾರದು ಅಂತ ನಮ್ಮ ಅತ್ತೆ ಹೇಳುತ್ತಾರೆ. ಪ್ರಾಣ ಪ್ರತಿಷ್ಠೆ ಮಾಡಿಸಬೇಕಾ? ಅಭಿಷೇಕ ಮಾಡಬಹುದಾ? ಮಗಳ ಮನೆಗೆ ಹೋಗುವಾಗ ಜೊತೆಗೆ ಒಯ್ಯಬಹುದಾ?

ಉತ್ತರ: ಅಮ್ಮಾ, ನೀವು ಕೇಳಿದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೆಂಪು ಗಣಪನ ವಿಷಯ. ಆದರೆ ಮೊದಲು ಕಲ್ಲಿನ ವಿಚಾರ ಮುಗಿಸಿಬಿಡೋಣ. ಇದು ಅಸಲಿಯೋ ನಕಲಿಯೋ ಎಂಬ ಹುಳು ತಲೆಯಲ್ಲಿದ್ದರೆ ಧ್ಯಾನಕ್ಕೆ ಕೂತಾಗಲೂ ಅದೇ ಕೊರೆಯುತ್ತಿರುತ್ತದೆ. ನಾನು ಮೈಸೂರಿನಲ್ಲಿ ಕಲ್ಲು ಪರೀಕ್ಷೆ ಮಾಡುವವನು. ಮನೆಯಲ್ಲಿ ಪೂಜೆಗೆ ಕೂರುವವನೂ ಹೌದು. ಹಾಗಾಗಿ ಎರಡೂ ಕಡೆಯ ಮಾತು ಹೇಳುತ್ತೇನೆ.

ನಿಮ್ಮ ಗಣಪ ಪಚ್ಚೆಯವನಲ್ಲ. ನೋಡದೆ ಹೇಗೆ ಹೇಳುತ್ತೀರಿ ಅಂದರೆ, ಬೆಲೆಯೇ ಹೇಳುತ್ತದೆ. 3 ಇಂಚಿನ ಮೂರ್ತಿ ಸುಮಾರು ಕಾಲು ಕಿಲೋ ತೂಗುತ್ತದೆ ಅಂತಿಟ್ಟುಕೊಳ್ಳಿ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಅಲ್ಲಿಗೆ ಕಾಲು ಕಿಲೋಗೆ 1,250 ಕ್ಯಾರೆಟ್ ಆಯಿತು. 4,000 ರೂಪಾಯಿಯನ್ನು ಅದಕ್ಕೆ ಹಂಚಿದರೆ ಕ್ಯಾರೆಟ್‌ಗೆ ಮೂರು ರೂಪಾಯಿ ಚಿಲ್ಲರೆ. ಆ ದುಡ್ಡಿಗೆ ಒಂದು ಮೊಳ ಮಲ್ಲಿಗೆಯೂ ಬರುವುದಿಲ್ಲ, ಪಚ್ಚೆ ಎಲ್ಲಿಂದ ಬರಬೇಕು?

ಹಾಗಂತ ಮಗನಿಗೆ ಪೂರ್ತಿ ಟೋಪಿ ಹಾಕಿದ್ದಾರೆ ಅಂತಲೂ ಹೇಳುವ ಹಾಗಿಲ್ಲ. ಈ ಅಳತೆಯ, ಈ ಬೆಲೆಯ ಹಸಿರು ಗಣಪತಿಗಳು ಬಹಳ ಸಲ ಅವೆಂಚುರಿನ್ ಎಂಬ ಕಲ್ಲಿನವು. ಅದು ಸ್ಫಟಿಕದ ಜಾತಿಯದೇ ಕಲ್ಲು. ಒಳಗೆ ಹಸಿರು ಅಭ್ರಕದ ಚೂರುಗಳಿರುತ್ತವೆ, ಬಣ್ಣ ಬರುವುದು ಅವುಗಳಿಂದಲೇ. ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿಹಿಡಿದು ಮೆಲ್ಲಗೆ ತಿರುಗಿಸಿ ನೋಡಿ. ಒಳಗಡೆ ಸಣ್ಣ ಸಣ್ಣ ಮಿನುಗು ಕಂಡರೆ ಅವೆಂಚುರಿನ್ ಅಂತ ಹೆಚ್ಚುಕಡಿಮೆ ಖಾತ್ರಿ. ಇದರಲ್ಲಿ ಒಂದು ತಮಾಷೆಯೂ ಇದೆ. ಹಸಿರು ಅವೆಂಚುರಿನ್ ಜಾಸ್ತಿ ಸಿಗುವುದು ಭಾರತದಲ್ಲಿ. ಅದಕ್ಕೆ ಹೆಸರಾದ ಕಡೆಗಳಲ್ಲಿ ನಮ್ಮ ಮೈಸೂರು ಸೀಮೆಯೂ ಒಂದು. ನಿಮ್ಮ ಗಣಪ ಇಲ್ಲೇ ಹುಟ್ಟಿ, ಜೈಪುರಕ್ಕೆ ಹೋಗಿ ಕೆತ್ತಿಸಿಕೊಂಡು, ಮಂಡ್ಯಕ್ಕೆ ವಾಪಸ್ ಬಂದಿದ್ದರೂ ಬಂದಿರಬಹುದು!

ಮಾಣಿಕ್ಯದ ಗಣಪ ಅಂತ ಮಾರುವುದೂ ಇದೇ ತರಹ. ನಮ್ಮ ಕರ್ನಾಟಕದಲ್ಲಿ ಸಿಗುವ ಕೆನ್ನೇರಳೆ ಮಾಣಿಕ್ಯದಲ್ಲಿ ಬೆಳಕು ಅಷ್ಟಾಗಿ ಹಾಯುವುದಿಲ್ಲ. ಉಂಗುರಕ್ಕೆ ಹೊಂದದ ಕಲ್ಲು ಕೆತ್ತನೆಗೆ ಹೋಗುತ್ತದೆ. ಅದು ಮಾಣಿಕ್ಯ ಹೌದು, ಆದರೆ ಒಡವೆ ಅಂಗಡಿಯ ಮಾಣಿಕ್ಯದ ಬೆಲೆ ಅದಕ್ಕಿಲ್ಲ. ಹಸಿರು ಕಲ್ಲಿನ ನಡುವೆ ಕೆಂಪು ಮಚ್ಚೆ ಇರುವ ಗಣಪತಿಗಳನ್ನೂ ನೀವು ನೋಡಿರಬಹುದು. ಅವುಗಳಲ್ಲಿ ಕೆಲವು ಟಾಂಜಾನಿಯಾದ ಕಲ್ಲು, ಕೆಲವು ನಮ್ಮದೇ ರಾಜ್ಯದ್ದು.

ನಿಮ್ಮದು ಗಾಜು ಅಥವಾ ಅಚ್ಚಿಗೆ ಹೊಯ್ಯುವ ರಾಳ (ರೆಸಿನ್) ಆಗಿದ್ದರೆ ಅನ್ನುವ ಅನುಮಾನ ಇನ್ನೂ ಇದ್ದರೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಮೂರ್ತಿಯನ್ನು ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಮೂರ್ತಿಗೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವ ಹಾಗೆ ಹಿಡಿಯಿರಿ. ತಳಕ್ಕೂ ಅಂಚಿಗೂ ತಾಗಬಾರದು. ಈಗ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅದರಿಂದ ಮೊದಲ ತೂಕವನ್ನು ಭಾಗಿಸಿ. 265 ಗ್ರಾಂ ಮೂರ್ತಿಗೆ ತಕ್ಕಡಿ 100 ತೋರಿಸಿದರೆ ಉತ್ತರ 2.65. ಸ್ಫಟಿಕ ಜಾತಿಯ ಸಂಖ್ಯೆ ಅದೇ. ಸಾಮಾನ್ಯ ಗಾಜು 2.5ರ ಆಸುಪಾಸಿನಲ್ಲಿ ಬರುತ್ತದೆ. ಬರೀ ರಾಳವಾದರೆ ಒಂದೂಕಾಲರ ಹತ್ತಿರ ನಿಲ್ಲುತ್ತದೆ. ಜೇಡ್ ಅಂತ ಇನ್ನೊಂದು ಹಸಿರು ಕಲ್ಲಿದೆ, ಅಸಲಿ ಜೇಡ್ ಆದರೆ ಮೂರರ ಹತ್ತಿರ ಅಥವಾ ಅದಕ್ಕಿಂತ ಮೇಲೆ. ಗಾಜಿಗೂ ಸ್ಫಟಿಕಕ್ಕೂ ಅಂತರ ಕಡಿಮೆ, ಅದಕ್ಕೇ ಇದರ ಜೊತೆಗೆ ಟಾರ್ಚಿನಲ್ಲೂ ನೋಡಬೇಕು. ಒಳಗೆ ದುಂಡಗಿನ ಗಾಳಿಗುಳ್ಳೆ ಕಂಡರೆ ಅದು ಗಾಜು. ಇನ್ನೊಂದು ಪರೀಕ್ಷೆ. ಉಗುರುಬಣ್ಣ ತೆಗೆಯುವ ದ್ರವವನ್ನು ಹತ್ತಿಗೆ ಹಚ್ಚಿ ಪೀಠದ ಅಡಿಯಲ್ಲಿ ತಿಕ್ಕಿ. ಹತ್ತಿ ಹಸಿರಾದರೆ ಕಲ್ಲಿಗೆ ಬಣ್ಣ ಕಟ್ಟಿದ್ದಾರೆ ಅಂತ ಅರ್ಥ. ಸೂಜಿಯಿಂದ ಗೀರಿ ನೋಡುವ ಕೆಲಸಕ್ಕೆ ಮಾತ್ರ ಹೋಗಬೇಡಿ. ದೇವರ ಮೈ ಅದು.

ಬಿಳಿ ಗೆರೆ ಬಿರುಕೋ ಅಲ್ಲವೋ ಅನ್ನುವುದನ್ನು ಅತ್ತೆಯವರ ಎದುರಿಗೇ ನೋಡಿಬಿಡಿ. ಗೆರೆಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಎಲ್ಲೂ ತಡೆಯದೆ ಜಾರಿದರೆ ಅದು ಕಲ್ಲಿನ ಹುಟ್ಟುಗೆರೆ. ಆಮೇಲೆ ಅದರ ಮೇಲೆ ಒಂದು ಹನಿ ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಒರೆಸಿ. ಬಿರುಕಾದರೆ ಒಳಗೆ ನೀರು ಹಿಡಿದುಕೊಂಡು ಆ ಗೆರೆ ಮಾತ್ರ ಕಪ್ಪಗೆ ಉಳಿಯುತ್ತದೆ. ಹುಟ್ಟುಗೆರೆಯಾದರೆ ಮೊದಲಿದ್ದ ಹಾಗೇ ಇರುತ್ತದೆ. ನಿಮ್ಮದು ಹುಟ್ಟುಗೆರೆಯೇ ಇರಬೇಕು. ಈ ಜಾತಿಯ ಕಲ್ಲಿನಲ್ಲಿ ಬಿಳಿ ಎಳೆ ಸಹಜ. ಅತ್ತೆಯವರು ಹೇಳುವ ಮಾತೂ ಸುಳ್ಳಲ್ಲ. ಸೊಂಡಿಲೋ ಕೈಯೋ ಮುರಿದು ಅಂಗಭಂಗವಾದ ಮೂರ್ತಿಯನ್ನು ಪೂಜೆಗೆ ಇಡುವುದಿಲ್ಲ. ನಿಮ್ಮ ಗಣಪನಿಗೆ ಅಂಥದ್ದೇನೂ ಆಗಿಲ್ಲವಲ್ಲ.

ಪಚ್ಚೆ ಅಲ್ಲ ಅಂತ ಕೇಳಿ ನಿಮಗೆ ಬೇಜಾರಾಗಿರಬಹುದು. ಒಮ್ಮೆ ನಂಜನಗೂಡಿಗೆ ಹೋಗಿಬನ್ನಿ. ಶ್ರೀಕಂಠೇಶ್ವರನ ಗುಡಿಯಲ್ಲಿ ಟಿಪ್ಪು ಸುಲ್ತಾನ್ ಕೊಟ್ಟ ಹಸಿರು ಲಿಂಗ ಇದೆ. ಟಿಪ್ಪುವಿನ ಪಟ್ಟದಾನೆಗೆ ಕಣ್ಣಿನ ಬೇನೆ ಬಂದಿತ್ತು, ನಂಜುಂಡನಿಗೆ ಹರಕೆ ಹೊತ್ತ ಮೇಲೆ ವಾಸಿಯಾಯಿತು, ಅದಕ್ಕೇ ಅವನು ದೇವರನ್ನು ಹಕೀಂ ನಂಜುಂಡ ಎಂದು ಕರೆದು ಲಿಂಗ ಅರ್ಪಿಸಿದ ಅಂತ ಹೇಳಿಕೆ. ಊರಿನವರ ಬಾಯಲ್ಲಿ ಅದು ಪಚ್ಚೆಲಿಂಗ. ಚರಿತ್ರೆ ಬರೆದವರು ಅದನ್ನು ಜೇಡ್ ಎಂದೂ ಬರೆದಿದ್ದಾರೆ. ಅಲ್ಲಿ ಕೈಮುಗಿದು ನಿಲ್ಲುವವರು ಯಾರೂ ಭೂತಗನ್ನಡಿ ತಂದಿರುವುದಿಲ್ಲ. ಕಲ್ಲಿನ ಹೆಸರು ಬೇಕಾಗುವುದು ಕೊಳ್ಳುವಾಗ ಮತ್ತು ತೊಳೆಯುವಾಗ. ಪೂಜೆಗೆ ಕೂತಾಗ ಅದು ಬೇಕಾಗುವುದಿಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ಬಹಳ ಧಾರಾಳಿಗಳು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ದೇವರ ಪ್ರತಿಮೆ ಎಂಟು ಬಗೆ ಅಂತ ಕೃಷ್ಣ ಉದ್ಧವನಿಗೆ ಹೇಳುತ್ತಾನೆ. ಕಲ್ಲು, ಮರ, ಲೋಹ, ಮಣ್ಣಿನಂಥ ಮೆತ್ತುವ ವಸ್ತು, ಚಿತ್ರ, ಮರಳು, ಮನಸ್ಸು, ರತ್ನ. ಮರಳಿನಲ್ಲಿ ಮಾಡಿದ್ದೂ ರತ್ನದಲ್ಲಿ ಮಾಡಿದ್ದೂ ಒಂದೇ ಸಾಲಿನಲ್ಲಿವೆ. ಮನಸ್ಸಿನಲ್ಲಿ ಮಾಡಿಕೊಂಡದ್ದೂ ಅದೇ ಸಾಲಿನಲ್ಲಿದೆ. ಅಯೋಧ್ಯೆಯಲ್ಲಿ 2024ರ ಜನವರಿ 22ರಂದು ಪ್ರತಿಷ್ಠೆಯಾದ ಬಾಲರಾಮನನ್ನೇ ತೆಗೆದುಕೊಳ್ಳಿ. ಕೆತ್ತಿದವರು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಕಲ್ಲು ಇಲ್ಲಿಯದೇ ಕೃಷ್ಣಶಿಲೆ, ಹೊಲದಲ್ಲಿ ಸಿಕ್ಕಿದ್ದು. ಯಾವ ಒಡವೆ ಅಂಗಡಿಯಲ್ಲೂ ಅದನ್ನು ರತ್ನ ಅನ್ನುವುದಿಲ್ಲ.

ಹಾಗಾದರೆ ರತ್ನದ ಮೂರ್ತಿ, ಸ್ಫಟಿಕದ ಮೂರ್ತಿ ಅಂತ ಯಾಕೆ ಬಂತು? ನನಗೆ ಕಾಣುವ ಮಟ್ಟಿಗೆ ಕಾರಣ ಬೆಳಕು. ಚಿದಂಬರದಲ್ಲಿ ರತ್ನಸಭಾಪತಿ ಅಂತ ಮಾಣಿಕ್ಯದ ನಟರಾಜನಿದ್ದಾನೆ. ಅಭಿಷೇಕವಾದ ಮೇಲೆ ಅಲ್ಲಿನ ಅರ್ಚಕರಾದ ದೀಕ್ಷಿತರು ಮೂರ್ತಿಯ ಹಿಂದೆಯೂ ದೀಪ ಹಿಡಿಯುತ್ತಾರೆ. ಆಗ ಇಡೀ ನಟರಾಜ ಒಳಗಿನಿಂದ ಕೆಂಪಗೆ ಉರಿದ ಹಾಗೆ ಕಾಣುತ್ತದೆ. ರಾಮೇಶ್ವರದಲ್ಲಿ ನಸುಕಿನ ಕತ್ತಲಲ್ಲೇ ಸ್ಫಟಿಕಲಿಂಗದ ದರ್ಶನ. ಶೃಂಗೇರಿಯ ಚಂದ್ರಮೌಳೀಶ್ವರನೂ ಸ್ಫಟಿಕಲಿಂಗವೇ. ಐದು ದೇವರನ್ನು ಒಟ್ಟಿಗೆ ಪೂಜಿಸುವ ಪಂಚಾಯತನ ಪೂಜೆಯ ಮನೆಗಳಲ್ಲಿ ಸಾಲಿಗ್ರಾಮ ವಿಷ್ಣು, ನರ್ಮದೆಯ ಬಾಣಲಿಂಗ ಶಿವ, ಶೋಣಾ ನದಿಯ ಕೆಂಪು ಕಲ್ಲು ಗಣಪತಿ, ಸ್ವರ್ಣಮುಖಿಯ ಕಲ್ಲು ಅಂಬಿಕೆ. ಸೂರ್ಯನಿಗೆ ಮಾತ್ರ ಸ್ಫಟಿಕ. ಬೆಳಕಿನ ದೇವರಿಗೆ ಬೆಳಕು ಹಾಯುವ ಕಲ್ಲು, ಸರಿಯಾಗೇ ಇದೆ ಅಲ್ವಾ?

ಕೆಲವು ಕಡೆ ಧ್ಯಾನಶ್ಲೋಕವೇ ಕಲ್ಲನ್ನು ಹೇಳಿಬಿಡುತ್ತದೆ. ಪರೀಕ್ಷೆಗೆ ಹೋಗುವ ಮುಂಚೆ ನಮ್ಮ ಮಕ್ಕಳಿಂದ ಹೇಳಿಸುವ ಹಯಗ್ರೀವನ ಶ್ಲೋಕದಲ್ಲಿ ಅವನು ‘ನಿರ್ಮಲ ಸ್ಫಟಿಕಾಕೃತಿ’. ಮೈಸೂರಿನ ಪರಕಾಲ ಮಠದ ಆರಾಧ್ಯದೈವ ಲಕ್ಷ್ಮೀ ಹಯಗ್ರೀವ, ಹಾಗಾಗಿ ಈ ಊರಿನ ಎಷ್ಟೋ ಮನೆಗಳಲ್ಲಿ ಆ ಶ್ಲೋಕ ಬಾಯಿಪಾಠ. ರುದ್ರ ಹೇಳುವವರು ಶಿವನನ್ನು ಶುದ್ಧ ಸ್ಫಟಿಕದಂತೆ ಇರುವವನು ಅಂತ ಧ್ಯಾನಿಸುತ್ತಾರೆ. ಈ ದೇವರುಗಳ ಉಪಾಸನೆ ಇರುವವರಿಗೆ ಸ್ಫಟಿಕದ ಮೂರ್ತಿ ಸುಮ್ನೆ ಅಲಂಕಾರವಲ್ಲ. ಬಾಯಿ ಹೇಳುವುದನ್ನೇ ಕಣ್ಣೂ ನೋಡುತ್ತದೆ. ನಿಮ್ಮ ಗಣಪನಿಗೆ ಈ ಹೊಂದಾಣಿಕೆ ಇಲ್ಲ. ‘ಶುಕ್ಲಾಂಬರಧರಂ’ ಶ್ಲೋಕದಲ್ಲಿ ಅವನು ಚಂದ್ರನ ಬಣ್ಣದವನು, ನಿಮ್ಮ ಕೈಲಿರುವವನು ಹಸಿರು. ಚಿಂತೆ ಬೇಡ. ಗೌರಿ ಹಬ್ಬದ ಮಾರನೇ ದಿನ ನಾವು ತರುವ ಮಣ್ಣಿನ ಗಣಪನೂ ಚಂದ್ರನ ಬಣ್ಣದವನೇನಲ್ಲ.

ಈಗ ಕೆಂಪು ಗಣಪನ ವಿಷಯಕ್ಕೆ ಬರುತ್ತೇನೆ.

ಅದು ದರ್ಶನವಲ್ಲ. ಕಣ್ಣಿನ ಆಟ. ನಮ್ಮ ಕಣ್ಣಿನ ಪರದೆಯಲ್ಲಿ ಬಣ್ಣ ಹಿಡಿಯುವ ಕಣಗಳಿವೆ. ಹಸಿರನ್ನೇ ಬಹಳ ಹೊತ್ತು ನೋಡುತ್ತಾ ಕೂತರೆ ಹಸಿರು ಹಿಡಿಯುವ ಕಣಗಳು ದಣಿಯುತ್ತವೆ. ಕಣ್ಣು ಮುಚ್ಚಿದಾಗ ಅವು ಸುಮ್ಮನಾಗಿ, ಅದರ ಎದುರು ಬಣ್ಣವಾದ ಕೆಂಪು ಮೇಲೆ ಬರುತ್ತದೆ. ಆಕಾರ ಮಾತ್ರ ಅದೇ ಗಣಪನದು. ಕೆಂಪು ಕಲ್ಲಿನ ಗಣಪನನ್ನು ನೋಡುತ್ತಾ ಕೂತಿದ್ದರೆ ಹಸಿರು ಗಣಪ ಕಾಣುತ್ತಿದ್ದ. ನೀವೇ ಪರೀಕ್ಷೆ ಮಾಡಬಹುದು. ಇನ್ನೊಂದು ಸಲ ಹಾಗೆ ಆದಾಗ ಕಣ್ಣು ತೆರೆದು ನಿಮ್ಮ ಅಂಗೈ ನೋಡಿ, ಆಮೇಲೆ ದೂರದ ಬಿಳಿ ಗೋಡೆ ನೋಡಿ. ಅಂಗೈ ಮೇಲೆ ಪುಟ್ಟದಾಗಿ ಕಂಡ ಗಣಪ ಗೋಡೆಯ ಮೇಲೆ ದೊಡ್ಡದಾಗಿ ಕಾಣುತ್ತಾನೆ. ಕಣ್ಣುಗುಡ್ಡೆ ಎತ್ತ ತಿರುಗಿದರೆ ಅವನೂ ಅತ್ತ ಓಡುತ್ತಾನೆ. ಸ್ವಲ್ಪ ಹೊತ್ತಿಗೆ ಮಸುಕಾಗಿ ಹೋಗಿಬಿಡುತ್ತಾನೆ. ನೀವು ಏನೇ ಭಕ್ತಿ ಮಾಡಿದರೂ ನಿಲ್ಲುವುದಿಲ್ಲ, ಮಾಡದಿದ್ದರೂ ಬರುವುದು ತಪ್ಪುವುದಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಈ ಕೆಂಪು ಗಣಪನನ್ನು ನೋಡುವ ಆಸೆಗೆ ಬಿದ್ದು ದಿನೇ ದಿನೇ ಜಾಸ್ತಿ ಹೊತ್ತು ಕಣ್ಣು ಮಿಟುಕಿಸದೆ ಕೂರುವವರಿದ್ದಾರೆ. ಕಣ್ಣಲ್ಲಿ ನೀರು ಬಂತು, ತಲೆನೋವು ಬಂತು, ಆದರೂ ಬಿಡುವುದಿಲ್ಲ. ತ್ರಾಟಕ ಅಂತ ಹಠಯೋಗದಲ್ಲಿ ಒಂದು ಕ್ರಿಯೆ ಇದೆ, ಅದರಲ್ಲಿ ಒಂದು ಸಣ್ಣ ಗುರಿಯನ್ನು ಕಣ್ಣೀರು ಬರುವ ತನಕ ನೋಡುತ್ತಾರೆ. ಅದು ಗುರುಗಳ ಎದುರು ಕಲಿಯಬೇಕಾದದ್ದು. ಗ್ಲಾಕೋಮಾ ಇರುವವರು, ಪೊರೆ ಆಪರೇಷನ್ ಆದವರು, ಮೈಗ್ರೇನ್ ಇರುವವರು ಕಣ್ಣಿನ ಡಾಕ್ಟರನ್ನು ಕೇಳದೆ ಅದಕ್ಕೆ ಕೈಹಾಕಬಾರದು. ಮನೆಯ ದೇವರ ಧ್ಯಾನಕ್ಕೆ ಅಷ್ಟು ಹಠ ಬೇಡ. ಕಣ್ಣು ಮಿಟುಕಿಸಿ, ಪರವಾಗಿಲ್ಲ. ದೇವರು ಎಲ್ಲೂ ಹೋಗುವುದಿಲ್ಲ.

ಧ್ಯಾನದಲ್ಲಿ ಬೇಕಾದದ್ದು ಬೇರೆ ಗಣಪ. ಕಣ್ಣು ಉಳಿಸಿಕೊಂಡದ್ದಲ್ಲ, ಮನಸ್ಸು ಕಟ್ಟಿದ್ದು. ಅವನು ಮೊದಮೊದಲು ಕೆಂಪು ಗಣಪನಷ್ಟು ಸ್ಪಷ್ಟವಾಗಿ ಬರುವುದೇ ಇಲ್ಲ. ಬಂದರೂ ಚೂರು ಚೂರಾಗಿ ಬರುತ್ತಾನೆ. ಆದರೆ ಬಸ್ಸಿನಲ್ಲಿ ಕೂತಾಗಲೂ ಕರೆದರೆ ಬರುತ್ತಾನೆ, ದೀಪವೂ ಬೇಡ, ಕಲ್ಲೂ ಬೇಡ. ಹರಳಿನ ಮೂರ್ತಿ ಇರುವುದು ಈ ಗಣಪನನ್ನು ಕಟ್ಟಿಕೊಳ್ಳುವುದಕ್ಕೆ. ಮೂರ್ತಿಧ್ಯಾನದ ವಿಷಯದಲ್ಲಿ ನಾನು ಹೇಳುವುದು ಇದೊಂದೇ.

ಹೇಗೆ ಕಟ್ಟುವುದು? ಮೂರ್ತಿಯನ್ನು ಒಂದು ಸಣ್ಣ ಮಣೆಯ ಮೇಲೋ ಪೀಠದ ಮೇಲೋ ಇಡಿ. ನೀವು ಕೂತಾಗ ಅದರ ಮುಖ ನಿಮ್ಮ ಕಣ್ಣಿನ ನೇರಕ್ಕೋ ಒಂಚೂರು ಕೆಳಗೋ ಬರಲಿ. ಎರಡು ಮೂರು ಅಡಿ ದೂರ ಸಾಕು. 3 ಇಂಚಿನ ಮೂರ್ತಿ ಚಿಕ್ಕದಾಯಿತೇನೋ ಅಂದುಕೊಳ್ಳಬೇಡಿ. ಮನೆಯ ಪ್ರತಿಮೆ ಹೆಬ್ಬೆರಳಿನ ಗೆಣ್ಣಿನಿಂದ ಹಿಡಿದು ಒಂದು ಗೇಣಿನವರೆಗೆ ಇರಬೇಕು, ಅದಕ್ಕಿಂತ ದೊಡ್ಡದು ಬೇಡ ಅಂತ ಮತ್ಸ್ಯಪುರಾಣ ಹೇಳುತ್ತದೆ. ನಿಮ್ಮದು ಲೆಕ್ಕದೊಳಗೇ ಇದೆ.

ದೀಪ ಎಲ್ಲಿಡುತ್ತೀರಿ ಅನ್ನುವುದು ಮುಖ್ಯ. ಸ್ಫಟಿಕದಂಥ ಪಾರದರ್ಶಕ ಕಲ್ಲಿಗೆ ಹಿಂದೆಯೋ ಪಕ್ಕದಲ್ಲೋ ದೀಪ ಚೆನ್ನ. ಅವೆಂಚುರಿನ್‌ನಲ್ಲಿ ಬೆಳಕು ಅಷ್ಟು ಹಾಯುವುದಿಲ್ಲ, ಹಿಂದೆ ದೀಪವಿಟ್ಟರೆ ಮೂರ್ತಿ ಕಪ್ಪು ನೆರಳಾಗಿಬಿಡುತ್ತದೆ. ನೀವು ಮುಂದೆ, ಎಡಕ್ಕೋ ಬಲಕ್ಕೋ ಸರಿಸಿ, ಮೂರ್ತಿಯ ತಲೆಗಿಂತ ಸ್ವಲ್ಪ ಎತ್ತರದಲ್ಲಿ ದೀಪ ಇಡಿ. ಟ್ಯೂಬ್‌ಲೈಟ್ ಆರಿಸಿ. ಆಗ ಸೊಂಡಿಲಿನ ನೆರಳು ಹೊಟ್ಟೆಯ ಮೇಲೆ ಬೀಳುತ್ತದೆ, ಕಣ್ಣಿನ ಗುಳಿ ಕಾಣುತ್ತದೆ, ಕಿವಿಯ ಅಂಚು ಎದ್ದು ಕಾಣುತ್ತದೆ. ಪಾಲಿಷ್ ಮಾಡಿದ ಕಲ್ಲಾದ್ದರಿಂದ ಹೊಟ್ಟೆಯ ಮೇಲೆ ಜ್ವಾಲೆಯ ಒಂದು ಪುಟ್ಟ ಬಿಂಬ ಕುಣಿಯುತ್ತಿರುತ್ತದೆ. ಕಣ್ಣು ಬೇಡವೆಂದರೂ ಅಲ್ಲಿಗೇ ಹೋಗುತ್ತದೆ. ದೀಪವನ್ನು ಒಂದು ಬೆರಳಷ್ಟು ಸರಿಸುತ್ತಾ ನೋಡಿ. ಆ ಬಿಂಬ ಹೊಟ್ಟೆಯಿಂದ ಮೇಲೇರಿ ಹಣೆಗೆ ಬಂದು ನಿಲ್ಲುವ ಜಾಗವೊಂದು ಸಿಗುತ್ತದೆ. ಆ ಜಾಗಕ್ಕೆ ರಂಗೋಲಿಯ ಚುಕ್ಕಿ ಇಟ್ಟುಕೊಂಡುಬಿಡಿ, ದಿನಾ ಹುಡುಕುವುದು ತಪ್ಪುತ್ತದೆ.

ಆಮೇಲೆ ಪಾದದಿಂದ ಶುರು ಮಾಡಿ. ದೇವರನ್ನು ಪಾದದಿಂದ ಮುಖದ ಕಡೆಗೆ, ಒಂದು ಸಲಕ್ಕೆ ಒಂದು ಅಂಗ ಅಂತ ನೋಡುತ್ತಾ ಹೋಗುವುದು ಹಳೆಯ ಕ್ರಮ. ಭಾಗವತದಲ್ಲಿ ಕಪಿಲ ತನ್ನ ತಾಯಿ ದೇವಹೂತಿಗೆ ಹೇಳಿಕೊಡುವುದೂ ಹೀಗೇ. ಪಾದ ಮೊದಲು, ಕೊನೆಗೆ ನಗು. ನಿಮ್ಮ ಗಣಪನ ಮಡಿಸಿದ ಕಾಲು, ಪಕ್ಕದ ಇಲಿ, ಹೊಟ್ಟೆಗೆ ಸುತ್ತಿದ ಹಾವು, ಕೈಯ ಮೋದಕ, ಅದನ್ನು ಮುಟ್ಟುವ ಸೊಂಡಿಲಿನ ತುದಿ, ಮುರಿದ ದಂತ, ಕಿವಿ, ಕಣ್ಣು. ನಿಮ್ಮ ಮೂರ್ತಿಯಲ್ಲಿ ಇವುಗಳಲ್ಲಿ ಏನೇನಿದೆಯೋ ಅದು. ಆ ಬಿಳಿ ಗೆರೆಯನ್ನೂ ಬಿಡಬೇಡಿ. ಮನಸ್ಸಿಗೆ ಗುರುತು ಹಿಡಿಯಲು ಅಂಥದ್ದೇ ಬೇಕು.

ಇಷ್ಟಾದ ಮೇಲೆ ಕಣ್ಣು ಮುಚ್ಚಿ. ಕೆಂಪು ಗಣಪ ಬರುತ್ತಾನೆ. ಬರಲಿ ಬಿಡಿ, ಅವನನ್ನು ಓಡಿಸುವ ಕೆಲಸವೂ ಬೇಡ. ‘ಓಂ ಗಂ ಗಣಪತಯೇ ನಮಃ’ ಅಂತ ಮೆಲ್ಲಗೆ ಜಪ ಮಾಡುತ್ತಿರಿ, ಅಷ್ಟರಲ್ಲಿ ಅವನು ತಾನಾಗಿ ಹೋಗಿರುತ್ತಾನೆ. ಕತ್ತಲೆ ಉಳಿದಾಗ ನಿಮ್ಮನ್ನೇ ಕೇಳಿಕೊಳ್ಳಿ, ಸೊಂಡಿಲು ಎಡಕ್ಕಿದೆಯಾ ಬಲಕ್ಕಿದೆಯಾ? ಮೋದಕ ಯಾವ ಕೈಯಲ್ಲಿದೆ? ದಿನಾ ಪೂಜೆ ಮಾಡುವವರಿಗೂ ಈ ಪ್ರಶ್ನೆಗೆ ತಟ್ಟನೆ ಉತ್ತರ ಬರುವುದಿಲ್ಲ. ಅನುಮಾನ ಬಂದರೆ ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿ. ಹೀಗೆ ಒಂದೊಂದೇ ಅಂಗ ಕೂಡಿಸುತ್ತಾ ಬನ್ನಿ. ಅಂಗಗಳೆಲ್ಲ ಕೂಡಿದ ಮೇಲೆ ಮುಖ ಒಂದರ ಮೇಲೆ ನಿಲ್ಲಿ. ‘ಪ್ರಸನ್ನವದನಂ ಧ್ಯಾಯೇತ್’ ಅಂತ ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದೀರಲ್ಲ, ಆ ಶ್ಲೋಕ ಹೇಳುವುದು ಇದನ್ನೇ. ಮನಸ್ಸಿನಲ್ಲಿ ಕಟ್ಟಿದ ಗಣಪ ಹಸಿರಾಗೇ ಇರಬಹುದು, ಬೆಳ್ಳಗಾಗಬಹುದು, ಬಣ್ಣವೇ ಇಲ್ಲದಿರಬಹುದು. ಅದನ್ನು ತಿದ್ದಲು ಹೋಗಬೇಡಿ.

ಹತ್ತು ಹದಿನೈದು ನಿಮಿಷ ಸಾಕು. ಹಾಲು ಉಕ್ಕಿತೇನೋ, ಪೇಪರ್ ಬಂತೇನೋ ಅಂತ ಮನಸ್ಸು ಓಡಿದರೆ ಪುನಃ ಪಾದದಿಂದ ಶುರು ಮಾಡಿ. ಮಂಡ್ಯ, ಮೈಸೂರು ಕಡೆ ಇಷ್ಟಲಿಂಗ ಪೂಜೆ ಮಾಡುವವರ ಮನೆಗಳಲ್ಲಿ ಈ ನೋಟದ ಅಭ್ಯಾಸ ಇನ್ನೂ ಚೆನ್ನಾಗಿ ಉಳಿದಿದೆ. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೇ ದೃಷ್ಟಿ. ಅಂಥವರು ಸ್ಫಟಿಕಲಿಂಗ ತರಬೇಕಾ ಅಂತ ನನ್ನನ್ನು ಕೇಳುವುದುಂಟು. ಕೊರಳಲ್ಲಿರುವ ಲಿಂಗವನ್ನು ಬಿಟ್ಟು ಅಂಗಡಿಯ ಲಿಂಗಕ್ಕೆ ಹೋಗುವ ಅಗತ್ಯ ಏನಿದೆ ಅನ್ನುವುದು ನನ್ನ ಉತ್ತರ.

ಸ್ಫಟಿಕದ ಬಗ್ಗೆ ಒಂದು ಮಾತು. ನಿಮ್ಮ ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಾದರೂ ಸ್ಫಟಿಕಲಿಂಗ ಇದ್ದರೆ ಅದರ ಹಿಂದೆ ಒಂದು ಕೆಂಪು ದಾಸವಾಳ ಇಟ್ಟು ನೋಡಿ. ಲಿಂಗ ಕೆಂಪಾಗುತ್ತದೆ. ಹೂವು ತೆಗೆದರೆ ತಿಳಿಯಾಗುತ್ತದೆ. ಪತಂಜಲಿಯ ಯೋಗಸೂತ್ರದಲ್ಲಿ ಮನಸ್ಸನ್ನು ಇದೇ ರೀತಿ ತಿಳಿಯಾದ ಮಣಿಗೆ ಹೋಲಿಸಿದ್ದಾರೆ, ಯಾವುದರ ಹತ್ತಿರ ಇರುತ್ತದೋ ಅದರ ಬಣ್ಣ ತಳೆಯುತ್ತದೆ ಅಂತ. ಪಾಠ ಕೇಳುವುದಕ್ಕಿಂತ ಹೀಗೆ ಹೂವಿಟ್ಟು ನೋಡಿದರೆ ಬೇಗ ತಲೆಗೆ ಹೋಗುತ್ತದೆ. ಸ್ಫಟಿಕದ ಲಿಂಗವನ್ನೋ ಗುಂಡನ್ನೋ ಬಿಸಿಲು ಬೀಳುವ ಕಿಟಕಿಯಲ್ಲಿ ಮಾತ್ರ ಇಡಬಾರದು. ಬಿಸಿಲನ್ನು ಒಂದು ಕಡೆಗೆ ಕೂಡಿಸಿ ಬಟ್ಟೆ ಸುಡುವ ಶಕ್ತಿ ಅದಕ್ಕಿದೆ. ಇದು ಪವಾಡವಲ್ಲ, ಭೂತಗನ್ನಡಿಯ ಕೆಲಸ. ದೇವರಮನೆಯಲ್ಲಿ ಹತ್ತಿ, ಕರ್ಪೂರ, ಎಣ್ಣೆ ಎಲ್ಲ ಇರುತ್ತವೆ, ಹುಷಾರು.

ಹುಣ್ಣಿಮೆಯ ಉಪ್ಪುನೀರು, ‘ಚಾರ್ಜ್’ ಮಾಡುವುದು, ಇದೆಲ್ಲ ನಮ್ಮ ಪೂಜಾಪದ್ಧತಿಯದಲ್ಲ. ಹರಳು ಮಾರುವವರು ಈಚೆಗೆ ಹೊರದೇಶದ ಕಡೆಯಿಂದ ತಂದದ್ದು. ನಿಮ್ಮ ಕಲ್ಲಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ, ಉಪ್ಪು ದಂಡ. ಮುತ್ತು ಮನೆಯಲ್ಲಿದ್ದರೆ ಅದನ್ನೂ ಅದೇ ನೀರಿಗೆ ಹಾಕಲು ಹೋಗಬೇಡಿ ಅಷ್ಟೇ, ಹಾಳಾಗುತ್ತದೆ. ಪಚ್ಚೆ ಬುಧಗ್ರಹದ ಕಲ್ಲು ಅಂತ ಯಾರಾದರೂ ಹೇಳಿದರೆ ಅದು ಉಂಗುರದ ಮಾತು, ಜ್ಯೋತಿಷಿಗಳ ಲೆಕ್ಕ. ಗಣಪತಿಯ ಪೂಜೆಗೂ ಅದಕ್ಕೂ ಗಂಟು ಹಾಕಬೇಡಿ.

ಪ್ರಾಣ ಪ್ರತಿಷ್ಠೆ ಮಾಡಿಸಲು ಅವಸರ ಬೇಡ ಅನ್ನುವುದು ನನ್ನ ಅಭಿಪ್ರಾಯ. ವಿಧಿಪೂರ್ವಕ ಪ್ರತಿಷ್ಠೆಯಾದರೆ ದಿನಾ ಪೂಜೆ, ನೈವೇದ್ಯ ತಪ್ಪಿಸುವ ಹಾಗಿಲ್ಲ. ನಿಮಗೆ ಊರು ಬಿಟ್ಟು ಹೋಗುವುದೂ ಇದೆ. ಧ್ಯಾನಕ್ಕೆ ಇಟ್ಟುಕೊಂಡ ಮೂರ್ತಿಗೆ ಆ ಹೊತ್ತಿಗೆ ಆವಾಹನೆ ಮಾಡಿ, ಗಂಧ, ಹೂವು, ಧೂಪ, ದೀಪ, ನೈವೇದ್ಯ ಅಂತ ಪಂಚೋಪಚಾರ ಮಾಡಿ, ಕೊನೆಗೆ ಅಕ್ಷತೆ ಹಾಕಿ ಉದ್ವಾಸನೆ, ಅಂದರೆ ದೇವರನ್ನು ಬೀಳ್ಕೊಡುವ ಮಾತು, ಹೇಳಿದರೆ ಆಯಿತು. ಎರಡು ಎಸಳು ಗರಿಕೆ, ಒಂದು ಚೂರು ಬೆಲ್ಲ ಸಾಕು. ನಿಮ್ಮ ಮನೆತನದಲ್ಲಿ ಬೇರೆ ಪದ್ಧತಿ ಇದ್ದರೆ ಪುರೋಹಿತರನ್ನು ಕೇಳಿ, ಅವರ ಮಾತೇ ನಡೆಯಲಿ.

ಅಭಿಷೇಕದ ವಿಷಯದಲ್ಲಿ ಮಾತ್ರ ಕಲ್ಲಿನ ಹೆಸರು ಬೇಕೇಬೇಕು. ಅವೆಂಚುರಿನ್, ಸ್ಫಟಿಕ ಗಟ್ಟಿ ಕಲ್ಲುಗಳು. ಹಾಲು, ಮೊಸರು, ಜೇನುತುಪ್ಪ ಯಾವುದೂ ಅವಕ್ಕೆ ಏನೂ ಮಾಡುವುದಿಲ್ಲ. ಬಿಸಿನೀರು ಮಾತ್ರ ಬೇಡ. ಒಳಗೆ ಕಣ್ಣಿಗೆ ಕಾಣದ ಸೀಳಿದ್ದರೆ ಥಟ್ಟನೆ ಬಿಸಿ ತಾಗಿದಾಗ ದೊಡ್ಡದಾಗುತ್ತದೆ. ಅಮೃತಶಿಲೆ, ಹವಳ, ಮುತ್ತು ಇವು ಸುಣ್ಣದ ಜಾತಿ. ಮೊಸರು, ನಿಂಬೆಹಣ್ಣು, ಹುಣಸೆಹಣ್ಣು ಯಾವ ಹುಳಿ ತಾಗಿದರೂ ಹೊಳಪು ಹೋಗಿ ಮೈ ಒರಟಾಗುತ್ತದೆ. ಹಸಿರು ಪಟ್ಟೆಪಟ್ಟೆಯಾಗಿರುವ ಮಲಕೈಟ್ ಎಂಬ ಕಲ್ಲಿನ ಮೂರ್ತಿಗಳೂ ಬರುತ್ತವೆ. ಅದು ತಾಮ್ರದ ಕಲ್ಲು. ಅದರ ಮೇಲೆ ಪಂಚಾಮೃತ ಸುರಿದು ತೀರ್ಥ ಅಂತ ಮಕ್ಕಳಿಗೆ ಕೊಡಬೇಡಿ. ಹುಳಿಗೆ ತಾಮ್ರ ಬಿಡುತ್ತದೆ. ಬಣ್ಣ ಕಟ್ಟಿದ ಕಲ್ಲಿನ ತೀರ್ಥವೂ ಬೇಡ. ಪಾದರಸಲಿಂಗದ ಅಭಿಷೇಕದ ನೀರನ್ನಂತೂ ಬಾಯಿಗೆ ಹಾಕಲೇಬಾರದು. ಅದು ವಿಷದ ವ್ಯವಹಾರ.

ತಮಿಳುನಾಡಿನ ಉತ್ತರಕೋಶಮಂಗೈಯಲ್ಲಿ ಪಚ್ಚೆಯ ನಟರಾಜನಿಗೆ ವರ್ಷವಿಡೀ ಗಂಧದ ಲೇಪ ಇರುತ್ತದೆ, ಆರ್ದ್ರಾ ದರ್ಶನ ಎಂಬ ಹಬ್ಬದ ಹೊತ್ತಿಗೆ ಮಾತ್ರ ತೆಗೆಯುತ್ತಾರೆ. ಹಾಗಾಗಿ ದಿನಾ ಅಭಿಷೇಕ ಮಾಡಲಿಲ್ಲವಲ್ಲ ಅಂತ ನೀವು ಕೊರಗಬೇಕಾಗಿಲ್ಲ. ಸಂಕಷ್ಟಿಯ ದಿನ ಮಾಡಿ, ಸಾಕು. ಮಾಡಿದ ಮೇಲೆ ಉಗುರುಬೆಚ್ಚಗಿನ ನೀರಿಗೆ ಚೂರು ಅಂಟುವಾಳದ ನೊರೆ ಹಾಕಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಸೊಂಡಿಲಿನ ಸಂದು, ಕಿವಿಯ ಹಿಂದೆ ಎಲ್ಲ ತೊಳೆಯಿರಿ. ಜೇನುತುಪ್ಪ, ಸಕ್ಕರೆ ಅಲ್ಲೇ ಕೂತು ಇರುವೆ ಕರೆಯುತ್ತದೆ. ಹಿತ್ತಾಳೆ ಬೆಳಗುವ ಪುಡಿ ಬೇಡ. ಕುಂಕುಮವನ್ನು ನೇರವಾಗಿ ಕಲ್ಲಿಗೆ ಇಟ್ಟರೆ ಕೆತ್ತನೆಯ ಗೀರುಗಳಲ್ಲಿ ಬಣ್ಣ ಕೂರುತ್ತದೆ. ಮೊದಲು ಗಂಧದ ಬೊಟ್ಟು ಇಟ್ಟು ಅದರ ಮೇಲೆ ಕುಂಕುಮ ಇಡಿ.

ಮಗಳ ಮನೆಗೆ ಧಾರಾಳವಾಗಿ ಒಯ್ಯಿರಿ. ಅಲುಗಾಡಿಸಬಾರದು ಅನ್ನುವುದು ಸ್ಥಿರವಾಗಿ ಪ್ರತಿಷ್ಠೆ ಮಾಡಿದ ಮೂರ್ತಿಗೆ. ಒಂದು ಸ್ಟೀಲ್ ಡಬ್ಬಿಯ ತಳಕ್ಕೆ ಅಕ್ಕಿ ಹಾಕಿ, ಮೂರ್ತಿಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿ, ಮೇಲೂ ಅಕ್ಕಿ ತುಂಬಿ. ಕುಲುಕಿದರೆ ಸದ್ದು ಬರಬಾರದು. ಹಿತ್ತಾಳೆ ದೀಪವನ್ನು ಅದೇ ಡಬ್ಬಿಗೆ ತುರುಕಬೇಡಿ. ಈ ಕಲ್ಲು ಹಿತ್ತಾಳೆಗಿಂತ ಗಟ್ಟಿ, ದೀಪಕ್ಕೆ ಗೀರು ಬೀಳುತ್ತದೆ. ಹಾಗಂತ ಗಣಪನೂ ಪೂರ್ತಿ ಕ್ಷೇಮ ಅನ್ನುವ ಹಾಗಿಲ್ಲ, ಬಡಿದರೆ ಸೊಂಡಿಲಿನ ತುದಿ ಹಾರಿಹೋಗುತ್ತದೆ. ಆ ಅಕ್ಕಿಯನ್ನು ಮಗಳ ಮನೆಯಲ್ಲಿ ಪಾಯಸಕ್ಕೋ ಪೊಂಗಲ್‌ಗೋ ಹಾಕಿಸಿಬಿಡಿ.